ಮ್ಯಾರಥಾನ್ ಓಡಿದರೆ ರಕ್ತನಾಳ ಕಟ್ಟುವುದಿಲ್ಲವೇ?

ಬಾಸ್ಟನ್ ಮ್ಯಾರಥಾನನ್ನು ಏಳು ಸಲ ಗೆದ್ದ ಕ್ಲಾರೆನ್ಸ್ ಡಿಮಾರ್ 1958ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಶವಪರೀಕ್ಷೆಯಲ್ಲಿ ಕಂಡದ್ದು ಮಾಮೂಲಿಗಿಂತ ಎರಡು ಮೂರು ಪಟ್ಟು ಅಗಲವಾಗಿದ್ದ ಹೃದಯದ ರಕ್ತನಾಳಗಳು. ಓಟದ ಮೇಲೆ ನಂಬಿಕೆ ಬೆಳೆಯಲು ಇನ್ನೇನು ಬೇಕು? 1970ರ ದಶಕದಲ್ಲಿ ಅಮೆರಿಕದ ವೈದ್ಯ ಥಾಮಸ್ ಬ್ಯಾಸ್ಲರ್, ಮ್ಯಾರಥಾನ್ ಮುಗಿಸುವವರಿಗೆ ಬ್ಲಾಕ್ ಆಗುವುದೇ ಇಲ್ಲ ಎಂದುಬಿಟ್ಟರು. 1979ರಲ್ಲಿ ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ಮತ್ತು ಸಂಗಡಿಗರು ಓಟಗಾರರ ಶವಪರೀಕ್ಷೆಯ ವಿವರಗಳನ್ನೇ ಮುಂದಿಟ್ಟು ಅದನ್ನು ಅಲ್ಲಗಳೆದರು. ವೈದ್ಯಕೀಯ ಪತ್ರಿಕೆ ಓದುವ ಓಟಗಾರರು ಎಷ್ಟು ಜನ ಬಿಡಿ.

ಎಲ್ಲರ ಕಿವಿಗೂ ಬಿದ್ದದ್ದು ಜಿಮ್ ಫಿಕ್ಸ್ ಸಾವು. ಓಟದ ಪುಸ್ತಕ ಬರೆದು ಅಮೆರಿಕನ್ನರನ್ನು ಬೀದಿಗಿಳಿಸಿದ್ದ ಅವರು 1984ರ ಜುಲೈ 20ರಂದು ವರ್ಮಾಂಟ್‌ನಲ್ಲಿ ಓಡಲು ಹೋದವರು ರಸ್ತೆಯಲ್ಲೇ ಕುಸಿದರು; ವಯಸ್ಸು 52. ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದವು. ‘ಓಡಿ ಓಡಿ ಸತ್ತ’ ಎಂದು ಆಡಿಕೊಂಡವರು ಹಿಂದಿನ ಕಥೆಗೆ ಕಣ್ಣು ಹಾಯಿಸಲಿಲ್ಲ. ತಂದೆ 43ಕ್ಕೇ ಹೃದ್ರೋಗಕ್ಕೆ ಬಲಿಯಾಗಿದ್ದರು. ಓಟ ಶುರುಮಾಡುವ ಮುಂಚೆ ಫಿಕ್ಸ್ ಸ್ಥೂಲಕಾಯದವರು, ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದವರು.

2008ರಲ್ಲಿ ಜರ್ಮನಿಯ ಸಂಶೋಧಕರು 50 ದಾಟಿದ 108 ಮ್ಯಾರಥಾನ್ ಓಟಗಾರರನ್ನು ಸಿಟಿ ಸ್ಕ್ಯಾನ್ ಮಾಡಿದರು. ಇತರ ಅಪಾಯಗಳು ಅಷ್ಟೇ ಇದ್ದ ಸಾಮಾನ್ಯರಿಗಿಂತ ಇವರ ಹೃದಯದ ನಾಳಗಳಲ್ಲೇ ಕ್ಯಾಲ್ಸಿಯಂ, ಅಂದರೆ ನಾಳ ಕಟ್ಟಿಕೊಳ್ಳುತ್ತಿರುವುದರ ಗುರುತು, ಹೆಚ್ಚು! ಆದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೆ ಸಿಗರೇಟು ಸೇದಿದವರು. ಫಿಕ್ಸ್ ಕಥೆಯೇ ಮತ್ತೆ.

ಹಾಗಾದರೆ ಓಟದಿಂದ ಲಾಭವಿಲ್ಲವೇ? ಇದೆ, ಹವ್ಯಾಸಿಗಳಿಗೇ ಚೆನ್ನಾಗಿ ಇದೆ. ಓಡುವಾಗ ರಭಸದಿಂದ ಹರಿಯುವ ರಕ್ತ ನಾಳದ ಒಳಪದರವನ್ನು ಉಜ್ಜುತ್ತದೆ. ಆಗ ಅದು ನೈಟ್ರಿಕ್ ಆಕ್ಸೈಡ್ ಸ್ರವಿಸಿ, ನಾಳ ಸಡಿಲಗೊಳ್ಳುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೊದಲ ಸಲ ಲಂಡನ್ ಮ್ಯಾರಥಾನ್‌ಗೆ ತಯಾರಾದ 138 ಮಂದಿಯನ್ನು ಗಮನಿಸಿತ್ತು. ಆರು ತಿಂಗಳ ತಾಲೀಮು ಮುಗಿಯುವಷ್ಟರಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 4, ಕೆಳಗಿನದು 3 ಇಳಿದಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬಿಗುವು ಸುಮಾರು ನಾಲ್ಕು ವರ್ಷ ಕಿರಿಯರಲ್ಲಿ ಇರುವಷ್ಟಕ್ಕೆ ತಗ್ಗಿತ್ತು. ಹೆಚ್ಚು ಗಳಿಸಿದವರು ಯಾರು ಗೊತ್ತೇ? ವಯಸ್ಸಾದವರು, ಗಂಡಸರು, ನಿಧಾನವಾಗಿ ಓಡಿದವರು.

ವರ್ಷಗಟ್ಟಲೆ ಓಡುವವರ ವಿಷಯದಲ್ಲಿ ಮಾತ್ರ ಜಗಳ ಮುಗಿದಿಲ್ಲ. ಅವರ ನಾಳದಲ್ಲಿರುವುದು ಗಟ್ಟಿ ಕ್ಯಾಲ್ಸಿಯಂ, ಅದು ಒಡೆದು ಹೃದಯಾಘಾತ ತರುವ ಸಂಭವ ಕಡಿಮೆ ಎಂದು 2017ರ ಎರಡು ಅಧ್ಯಯನಗಳು ಸಮಾಧಾನ ಹೇಳಿದ್ದವು. 2023ರಲ್ಲಿ ಬೆಲ್ಜಿಯಂನ ಸಂಶೋಧಕರು ಜೀವನಪೂರ್ತಿ ಕ್ರೀಡೆಯಲ್ಲಿದ್ದವರಲ್ಲಿ ಮೆತ್ತನೆಯ ಕೊಬ್ಬಿನ ಗಂಟುಗಳನ್ನೂ ಕಂಡರು. ಆದರೆ ಅವರು ಎಣಿಸಿದ್ದು ಗಂಟುಗಳನ್ನು, ಹೃದಯಾಘಾತಗಳನ್ನಲ್ಲ.