ಹೊಟ್ಟೆಯ ಕಾಯಿಲೆ, ಸುಳಿವು ರೆಪ್ಪೆಯಲ್ಲಿ

ಕುದುರೆಯ ಪಕ್ಕೆಗೆ ಕಿವಿ ಇಟ್ಟು ಕೇಳಿ. ಒಳಗೆ ಗುಡುಗುಡು, ಗೊಳಗೊಳ ನಡೆದೇ ಇರುತ್ತದೆ. ಬಲಗಡೆ ಮೇಲ್ಭಾಗದಲ್ಲಂತೂ ಆಗಾಗ ಕೊಳಾಯಿಯಲ್ಲಿ ನೀರು ಬಿಟ್ಟ ಹಾಗೆ ಒಂದು ಸದ್ದು. ಸಣ್ಣ ಕರುಳಿನಿಂದ ಮುಂದಿನ ಚೀಲಕ್ಕೆ ನೀರು ನುಗ್ಗುವ ಸದ್ದು ಅದು. ಪಶುವೈದ್ಯರು ಹೆದರುವುದು ಸದ್ದಿಗಲ್ಲ, ಸದ್ದೇ ಇಲ್ಲದ ಹೊಟ್ಟೆಗೆ.

ಹಾಗೆ ಹೊಟ್ಟೆಯನ್ನು ಸುಮ್ಮನಾಗಿಸುವ ಒಂದು ಕಾಯಿಲೆಯ ಹೆಸರು ಗ್ರಾಸ್ ಸಿಕ್‌ನೆಸ್. 20ನೇ ಶತಮಾನದ ಮೊದಲ ದಶಕದಲ್ಲಿ ಸ್ಕಾಟ್ಲೆಂಡಿನ ಪೂರ್ವ ಭಾಗದಲ್ಲಿ ಇದನ್ನು ಮೊದಲು ಗುರುತಿಸಿದರು. ಹುಲ್ಲುಗಾವಲಲ್ಲಿ ಮೇಯುವ ಕುದುರೆಗಳಿಗೇ ಜಾಸ್ತಿ, ಅದರಲ್ಲೂ 2ರಿಂದ 7 ವರ್ಷದ ಪ್ರಾಯದವಕ್ಕೆ. ಬ್ರಿಟನ್ನಿನಲ್ಲಿ ಮೇ ತಿಂಗಳು ಬಂತೆಂದರೆ ಸಾಕುವವರಿಗೆ ಆತಂಕ. ಹೆಸರು ಹುಲ್ಲಿನದು, ನರಳುವುದು ಹೊಟ್ಟೆ, ಆದರೆ ಸಾಯುತ್ತಿರುವುದು ನರಕೋಶಗಳು.

ಕರುಳಿನ ಗೋಡೆಯೊಳಗೆ ಅದರದ್ದೇ ಒಂದು ನರಗಳ ಬಲೆ ಇದೆ. ಮೇವಿನ ಮುದ್ದೆ ಬಂದು ಗೋಡೆ ಹಿಗ್ಗಿದರೆ ಸಾಕು, ಮುದ್ದೆಯ ಹಿಂದಿನ ಸ್ನಾಯು ಹಿಂಡುತ್ತದೆ, ಮುಂದಿನದು ಸಡಿಲವಾಗುತ್ತದೆ. ರಸಪುರಿ ಮಾವಿನ ತೊಟ್ಟು ಕಿತ್ತು, ಹಿಂದಿನಿಂದ ಹಿಂಡುತ್ತಾ ಹೀರುತ್ತೇವಲ್ಲ, ಹಾಗೆ. ನರಗಳು ಸಂದೇಶ ಕಳಿಸುವುದು ರಾಸಾಯನಿಕಗಳ ಮೂಲಕ: ಹಿಂಡು ಅನ್ನುವುದಕ್ಕೆ ಅಸಿಟೈಲ್‌ಕೋಲಿನ್, ಸಡಿಲಿಸು ಅನ್ನುವುದಕ್ಕೆ ಮುಖ್ಯವಾಗಿ ನೈಟ್ರಿಕ್ ಆಕ್ಸೈಡ್. 1899ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಂಗ್ಲೆಂಡಿನ ಶರೀರವಿಜ್ಞಾನಿಗಳು ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿಯೂ ನೋಡಿದರು. ಕರುಳು ತನ್ನ ಕೆಲಸ ನಿಲ್ಲಿಸಲಿಲ್ಲ! ಮೆದುಳಿನ ಅಪ್ಪಣೆಗೆ ಕಾಯುವ ಜಾಯಮಾನ ಅದರದ್ದಲ್ಲ.

ಈ ಬಲೆಯೇ ಸತ್ತರೆ? ಕುದುರೆಯ ಸಣ್ಣ ಕರುಳು ಸುಮಾರು 20 ಮೀಟರ್ ಉದ್ದ. ಅಷ್ಟು ದೂರ ತಳ್ಳುವವರಿಲ್ಲ. ದೊಡ್ಡ ಕರುಳಿನಲ್ಲಿ ಮೇವು ಒಣಗಿ ಗಟ್ಟಿಯಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತಾ ಹೋಗುತ್ತದೆ. ಕುದುರೆಗೆ ವಾಂತಿ ಮಾಡಿ ಹಗುರಾಗುವ ಭಾಗ್ಯವೂ ಇಲ್ಲ, ಜಠರದ ಬಾಯಿ ಅಷ್ಟು ಬಿಗಿ. ಕೊನೆಗೆ ಮೂಗಿನ ಹೊಳ್ಳೆಯಿಂದ ಹಸಿರು ನೀರು ಸುರಿಯಬಹುದು, ಇಲ್ಲವೇ ಜಠರವೇ ಒಡೆಯಬಹುದು. ಅದಕ್ಕೇ ವೈದ್ಯರು ಮೂಗಿನಿಂದ ಟ್ಯೂಬ್ ಇಳಿಸಿ ಖಾಲಿ ಮಾಡುವುದು.

ನನಗೆ ತುಂಬಾ ಹಿಡಿಸಿದ್ದು ಇದನ್ನು ಪತ್ತೆ ಮಾಡುವ ಒಂದು ಉಪಾಯ. ಈ ಕಾಯಿಲೆ ಕರುಳಿನ ಬಲೆಯೊಂದನ್ನೇ ಕೆಡಿಸುವುದಿಲ್ಲ. ನಮ್ಮ ಇಚ್ಛೆಗೆ ಸಿಗದ, ತಾವಾಗಿಯೇ ದುಡಿಯುವ ಇತರ ನರಗಳೂ ಕೆಡುತ್ತವೆ. ಮೇಲಿನ ರೆಪ್ಪೆಯನ್ನು ಎತ್ತಿ ಹಿಡಿಯುವ ಪುಟ್ಟ ಸ್ನಾಯುವಿಗೆ ಹೋಗುವ ನರವೂ ಅದೇ ಬಳಗದ್ದು. ಹಾಗಾಗಿ ರೆಪ್ಪೆ ಜೋಲುತ್ತದೆ, ಕೂದಲು ಕೆಳಗೆ ಬಾಗುತ್ತದೆ. ವೈದ್ಯರು ಒಂದೇ ಕಣ್ಣಿಗೆ 0.5% ಫಿನೈಲ್‌ಎಫ್ರಿನ್ ಹನಿ ಹಾಕುತ್ತಾರೆ. ಅರ್ಧ ಗಂಟೆ ಬಿಟ್ಟು ಎದುರಿಗೆ ನಿಂತು ಎರಡೂ ಕಣ್ಣು ಹೋಲಿಸುತ್ತಾರೆ. ಹನಿ ಹಾಕಿದ ಕಡೆ ರೆಪ್ಪೆಗೂದಲು ಎದ್ದು ನಿಂತಿದ್ದರೆ ಅನುಮಾನ ಬಲವಾಗುತ್ತದೆ. ನರ ಕೊಡಬೇಕಿದ್ದ ಸೂಚನೆಯನ್ನು ಔಷಧ ಕೊಟ್ಟಿತು, ಅಷ್ಟೆ. ಖಚಿತವಾಗಬೇಕಾದರೆ ಕರುಳಿನ ಚೂರು ಮೈಕ್ರೋಸ್ಕೋಪ್ ಕೆಳಗೆ ಹೋಗಲೇಬೇಕು.

ಕಾರಣ ಏನು? ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟ್ಯುಲೈನಮ್ ಎಂಬ ಬ್ಯಾಕ್ಟೀರಿಯದ ಮೇಲೆ 1920ರ ದಶಕದಿಂದಲೂ ಗುಮಾನಿ. 2014ರಲ್ಲಿ ಬ್ರಿಟನ್ನಿನಲ್ಲಿ ಲಸಿಕೆಯ ಪ್ರಯೋಗವೂ ಶುರುವಾಯಿತು. ಆದರೆ ಈ ಬ್ಯಾಕ್ಟೀರಿಯದಿಂದ ಬರುವ ಬಾಟ್ಯುಲಿಸಂ ಕಾಯಿಲೆಯಲ್ಲಿ ಅದರ ವಿಷ ನರದ ತುದಿಯಲ್ಲಿ ಸಂದೇಶ ಹೊರಬೀಳದಂತೆ ತಡೆಯುತ್ತದೆ, ಇಲ್ಲಿ ಕೋಶವೇ ಸಾಯುತ್ತದೆ. ಎರಡೂ ಅಷ್ಟು ಸಲೀಸಾಗಿ ಕೂಡುವುದಿಲ್ಲ ಅಲ್ವಾ? ವಾದ ಇನ್ನೂ ಮುಗಿದಿಲ್ಲ.

ತೀವ್ರವಾಗಿ ಬಂದರೆ ಎರಡು ದಿನದೊಳಗೆ ಎಲ್ಲ ಮುಗಿಯುತ್ತದೆ. ನಿಧಾನವಾಗಿ ಬಂದ ಕೆಲವು ಕುದುರೆಗಳು ಮಾತ್ರ ಆರೈಕೆಯಿಂದ ಉಳಿಯುತ್ತವೆ. ಕಂಬಳಿ ಹೊದಿಸಬೇಕು, ಕೈಯಲ್ಲಿ ಹಿಡಿದು ನಡೆಸಬೇಕು, ಕ್ಯಾರೆಟ್ ಹೆಚ್ಚಿ ಬಾಯಿಗಿಡಬೇಕು, ಅದು ಮೂಸಿ ಮುಖ ತಿರುಗಿಸಿದರೆ ಇನ್ನೇನೋ ಹುಡುಕಬೇಕು. ವಾರಗಟ್ಟಲೆ ಇದೇ ಕೆಲಸ. ಬೆಳಿಗ್ಗೆ ಲಾಯದ ಬಾಗಿಲು ತೆಗೆದವರ ಕಣ್ಣು ಮೊದಲು ಹೋಗುವುದು ನೆಲಕ್ಕೆ, ರಾತ್ರಿ ಲದ್ದಿ ಹಾಕಿದೆಯೋ ಇಲ್ಲವೋ ಎಂದು.