ಸ್ಟಿಯರಿಂಗ್ ಬಿಗಿಯಾಯಿತೇ? ಮೊದಲು ಉಪ್ಪನ್ನು ಹುಡುಕಿ

ಕಳೆದ ಆಷಾಢದ ಒಂದು ಬೆಳಿಗ್ಗೆ. ಕಾರವಾರದ ಕೋಡಿಬಾಗದಲ್ಲಿ ಮನೆಯ ಅಂಗಳದಿಂದ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ರಾತ್ರಿಯಿಡೀ ಸುರಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ವೈಪರ್ ಓಡುತ್ತಿತ್ತು, ಹೆಡ್‌ಲೈಟ್ ಉರಿಯುತ್ತಿತ್ತು. ಗೇಟಿನ ಹತ್ತಿರ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಯಾರೋ ಹಿಡಿದು ನಿಲ್ಲಿಸಿದ ಹಾಗೆ ಬಿಗಿಯಾಯಿತು. ಎದುರಿಗೆ ಸ್ಟಿಯರಿಂಗ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ದೀಪ ಹೋಯಿತು, ಸ್ಟಿಯರಿಂಗ್ ಮೊದಲಿನಂತೆ ಹಗುರವಾಗಿ ತಿರುಗಿತು.

ಒಂದೇ ವಾರದಲ್ಲಿ ನಾಲ್ಕು ಸಲ ಹೀಗಾಯಿತು. ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ ನೋಡಿ, ಇಡೀ ಸ್ಟಿಯರಿಂಗ್ ಕಾಲಮ್, ಅಂದರೆ ಸ್ಟಿಯರಿಂಗಿನಿಂದ ಕೆಳಗಿಳಿಯುವ ಕಂಬವನ್ನೇ ಬದಲಿಸಬೇಕು ಅಂದರು. ಹತ್ತಾರು ಸಾವಿರದ ಮಾತು. ಆದರೆ ನನಗೆ ಒಂದು ಸಂಗತಿ ಹೊಂದುತ್ತಿರಲಿಲ್ಲ. ಅದೇ ವಾರ ಹೆದ್ದಾರಿಯಲ್ಲಿ ಕುಮಟಾಕ್ಕೆ ಹೋಗಿ ಬಂದಿದ್ದೆ, ದಾರಿಯಲ್ಲಿ ಒಮ್ಮೆಯೂ ದೀಪ ಹತ್ತಲಿಲ್ಲ. ತೊಂದರೆ ಬಂದಿದ್ದೆಲ್ಲ ನಿಂತಲ್ಲೇ ತಿರುಗಿಸುವಾಗ. ರೋಗ ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ ಅಲ್ವಾ?

ಹಿಂದಿನ ಕಾರುಗಳಲ್ಲಿ ಎಂಜಿನ್ ಒಂದು ಪಂಪನ್ನು ಓಡಿಸುತ್ತಿತ್ತು, ಎಣ್ಣೆಯ ಒತ್ತಡ ಚಕ್ರ ತಿರುಗಿಸಲು ನೆರವಾಗುತ್ತಿತ್ತು. ಆ ಕೆಲಸವನ್ನು ಕರೆಂಟಿನ ಮೋಟರಿಗೆ ವಹಿಸಿದ ಮೊದಲ ಕಾರು 1988ರ ಸುಜುಕಿ ಸರ್ವೋ. ಇಂದು ನಮ್ಮ ಸಣ್ಣ ಕಾರುಗಳಲ್ಲೂ ಇದೇ ವ್ಯವಸ್ಥೆ. ಗ್ಯಾರೇಜಿನಲ್ಲಿ ಇದನ್ನು ಇಪಿಎಸ್, ಅಂದರೆ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಅನ್ನುತ್ತಾರೆ.

ಇದರ ಗುಟ್ಟು ಒಂದು ತೆಳು ಉಕ್ಕಿನ ಸರಳಿನಲ್ಲಿದೆ. ಹೆಸರು ಟಾರ್ಷನ್ ಬಾರ್. ನೀವು ಸ್ಟಿಯರಿಂಗ್ ತಿರುಗಿಸಿದಾಗ ಸರಳಿನ ಮೇಲ್ತುದಿ ಕೈಯ ಜೊತೆ ತಿರುಗುತ್ತದೆ, ಕೆಳತುದಿಯನ್ನು ಚಕ್ರಗಳ ಭಾರ ಹಿಡಿದಿರುತ್ತದೆ. ಒದ್ದೆ ಪಂಚೆ ಹಿಂಡಿದ ಹಾಗೆ ಸರಳು ಚೂರು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಅನ್ನುವುದನ್ನು ಟಾರ್ಕ್ ಸೆನ್ಸರ್ ಅಳೆದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಕಾರಿನ ವೇಗವನ್ನೂ ನೋಡಿ, ಮೋಟರಿಗೆ ಎಷ್ಟು ಕರೆಂಟ್ ಬಿಡಬೇಕು ಅಂತ ತೀರ್ಮಾನಿಸುತ್ತದೆ. ಲೆಕ್ಕ ಎಲ್ಲಾದರೂ ತಾಳೆಯಾಗದಿದ್ದರೆ ಮೋಟರನ್ನು ನಿಲ್ಲಿಸಿ ದೀಪ ಹೊತ್ತಿಸುತ್ತದೆ. ತಪ್ಪು ದಿಕ್ಕಿಗೆ ತಳ್ಳುವುದಕ್ಕಿಂತ ಸುಮ್ನೆ ಇರುವುದು ಕ್ಷೇಮ. ಆಗಲೂ ಕೈಗೂ ಚಕ್ರಕ್ಕೂ ನಡುವಿನ ಉಕ್ಕಿನ ಕೊಂಡಿ ಹಾಗೇ ಇರುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಕೈತಪ್ಪಿ ಹೋಗುವುದಿಲ್ಲ. ಗಾಬರಿಯಾಗಬೇಡಿ. ಓಡುವ ಕಾರಿನಲ್ಲಿ ಮಾತ್ರ ಎಂಜಿನ್ ಆಫ್ ಮಾಡಿ ನೋಡಲು ಹೋಗಬೇಡಿ.

ಈಗ ಕರೆಂಟಿನ ಲೆಕ್ಕಕ್ಕೆ ಬರೋಣ. ಉರುಳುವ ಚಕ್ರವನ್ನು ತಿರುಗಿಸುವುದು ಸುಲಭ. ನಿಂತ ಚಕ್ರದ ಟೈರು ಕಾರಿನ ಭಾರ ಹೊತ್ತು ನೆಲಕ್ಕೆ ಉಜ್ಜಿಕೊಂಡೇ ತಿರುಗಬೇಕು. ಹೆದ್ದಾರಿಯಲ್ಲಿ ತೀರಾ ಕಡಿಮೆ ಕರೆಂಟ್ ಕುಡಿಯುವ ಮೋಟರ್ ಆಗ 60 ಆಂಪಿಯರ್‌ವರೆಗೂ ಎಳೆಯಬಹುದು. ಆ ಕರೆಂಟ್ ಹರಿಯುವ ದಾರಿಯಲ್ಲಿ ಒಂದೇ ಒಂದು ಕೆಟ್ಟ ಜೋಡಣೆ ಇದೆ, ಅದರ ತಡೆ ಬರೀ 0.03 ಓಮ್ ಅಂದುಕೊಳ್ಳಿ. 60 ಇಂಟು 0.03, ಅಂದರೆ 1.8 ವೋಲ್ಟ್ ಅಲ್ಲೇ ಸೋರಿ ಹೋಯಿತು! ಹೆಡ್‌ಲೈಟಿಗೆ, ರೇಡಿಯೋಗೆ ಈ ತಡೆ ಗೊತ್ತೇ ಆಗುವುದಿಲ್ಲ, ಅವು ಎಳೆಯುವುದೇ ಕೆಲವು ಆಂಪಿಯರ್. ಸ್ಟಿಯರಿಂಗ್ ಮೋಟರಿಗೆ ಮಾತ್ರ ಹೊಟ್ಟೆಗೆ ಸಾಲದೆ ಹೋಗುತ್ತದೆ. ಎಂಜಿನ್ ನಿಧಾನ ತಿರುಗುವಾಗ, ಅದರ ಬಲದಿಂದ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಕೂಡ ಜಾಸ್ತಿ ಕೊಡಲಾರದು. ವೋಲ್ಟೇಜ್ ಒಂದು ಮಿತಿಗಿಂತ ಕೆಳಗಿಳಿದರೆ ಕಂಪ್ಯೂಟರ್ ಕೈಬಿಡುತ್ತದೆ.

ಹಾಗಾದರೆ ಆ ಕೆಟ್ಟ ಜೋಡಣೆ ಎಲ್ಲಿ? ನಮ್ಮ ಕರಾವಳಿಯಲ್ಲಿ ಮೊದಲು ನೋಡಬೇಕಾದ್ದು ಅರ್ತ್ ವಯರು. ಬ್ಯಾಟರಿಯ ಮೈನಸ್ಸಿನಿಂದ ಕಾರಿನ ಬಾಡಿಗೆ ಬೋಲ್ಟ್ ಹಾಕಿದ ದಪ್ಪ ವಯರು ಅದು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಲ್ಲ? ಸಾಣಿಕಟ್ಟಾದ ಹರಳುಪ್ಪು ತಾನೇ ನೀರು ಬಿಟ್ಟುಕೊಂಡು ಕೂತಿರುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ಗಾಳಿಯಲ್ಲಿರುವ ನೀರನ್ನು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಅಷ್ಟು ತೇವವೂ ಬೇಡ. ಕಾರವಾರದ ಮಳೆಗಾಲದ ಗಾಳಿ ಆ ಮಿತಿಯನ್ನು ದಿನಗಟ್ಟಲೆ ದಾಟಿಯೇ ಇರುತ್ತದೆ. ಅಲೆಯ ತುಂತುರಿನೊಂದಿಗೆ ಹಾರಿ ಬಂದು ಬೋಲ್ಟಿನ ಮೇಲೆ ಕೂತ ಉಪ್ಪು ಹಾಗಾಗಿ ಒಣಗುವುದೇ ಇಲ್ಲ. ತಾಮ್ರದ ತುದಿ, ಉಕ್ಕಿನ ಬಾಡಿ, ನಡುವೆ ಉಪ್ಪುನೀರು. ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ, ಅದರಲ್ಲಿ ಸವೆಯುವುದು ಕಬ್ಬಿಣ. ತುಕ್ಕು ಕರೆಂಟನ್ನು ಸರಿಯಾಗಿ ಸಾಗಿಸುವುದಿಲ್ಲ.

ಪರೀಕ್ಷೆ ಸುಲಭ, ಒಂದು ಸಾದಾ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗುಬ್ಬಿಗೆ, ಇನ್ನೊಂದು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ. ಒಳಗೆ ಕೂತವರು ಸ್ಟಿಯರಿಂಗ್ ತಿರುಗಿಸಲಿ. ನಿಮ್ಮ ಕೈ ಬೆಲ್ಟು, ಫ್ಯಾನಿನಿಂದ ದೂರವಿರಲಿ. ಮೀಟರ್ 0.2 ವೋಲ್ಟಿನ ಆಸುಪಾಸಿನಲ್ಲೇ ಇದ್ದರೆ ಆ ವಯರು ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಂತೆಯೇ.

ನನ್ನ ಕಾರಿನಲ್ಲಿ ಮಗಳು ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೀಟರ್ 1.7 ತೋರಿಸಿತು. ಬೋಲ್ಟ್ ಮುಟ್ಟಿದರೆ ಬೆಚ್ಚಗಿತ್ತು. ಸೋರಿದ ವೋಲ್ಟೆಲ್ಲ ಅಲ್ಲಿ ಶಾಖವಾಗುತ್ತಿತ್ತು. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ತೆಗೆದು ಬೋಲ್ಟ್ ಬಿಚ್ಚಿದೆ. ಹೊರಗೆ ಹಸಿರು ಪುಡಿ, ಒಳಗೆ ವಾಷರಿನ ಕೆಳಗೆ ಕಂದು ತುಕ್ಕಿನ ಪದರ. ಮರಳುಕಾಗದದಿಂದ ಲೋಹ ಹೊಳೆಯುವವರೆಗೂ ತಿಕ್ಕಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಮತ್ತೆ ಅಳೆದರೆ 0.08. ಬ್ಯಾಟರಿ ತೆಗೆದು ಹಾಕಿದ ಮೇಲೆ ಹಳದಿ ದೀಪ ಉಳಿದುಕೊಂಡಿತ್ತು. ಸ್ಟಿಯರಿಂಗನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ತಿರುಗಿಸಿದಾಗ ಆರಿತು. ಎಷ್ಟೋ ಕಾರುಗಳು ಹಾಗೆ ನಡುವನ್ನು ಹೊಸದಾಗಿ ಕಲಿತುಕೊಳ್ಳುತ್ತವೆ.

ಎಲ್ಲ ಸಲವೂ ಕಾರಣ ಉಪ್ಪೇ ಅಲ್ಲ. ಹಳೆ ಬ್ಯಾಟರಿಯೂ ಇದೇ ಆಟ ಆಡುತ್ತದೆ. ರಾತ್ರಿ ನಿಂತ ಕಾರಿನಲ್ಲಿ ಬ್ಯಾಟರಿ 12.6 ವೋಲ್ಟಿನ ಹತ್ತಿರ, ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು. ಶಿರಸಿಯ ಕಡೆ, ಅಡಿಕೆ ಮನೆಗಳ ಕೊಟ್ಟಿಗೆಯಲ್ಲಿ ನಿಲ್ಲಿಸುವ ಕಾರಾದರೆ ಇಲಿ ಕಡಿದ ವಯರು ಹುಡುಕಿ. ಮಾರಿಕಾಂಬಾ ಜಾತ್ರೆಯ ಇಕ್ಕಟ್ಟಿನಲ್ಲಿ ಹತ್ತು ಸಲ ಹಿಂದೆಮುಂದೆ ಮಾಡಿದ ಮೇಲೆ ಸ್ಟಿಯರಿಂಗ್ ಭಾರವಾಗಿ, ಸ್ವಲ್ಪ ಹೊತ್ತಿಗೆ ಸರಿಹೋದರೆ ಮೋಟರ್ ಕಾದಿದೆ ಅಷ್ಟೇ. ದೀಪವೇ ಹತ್ತದೆ ಭಾರವಾದರೆ ಟೈರಿನ ಗಾಳಿ ನೋಡಿ, ಆಮೇಲೆ ಕಾಲಮ್ಮಿನ ಕೆಳಗಿನ ಕೀಲು ತುಕ್ಕು ಹಿಡಿದಿದೆಯಾ ಪರೀಕ್ಷಿಸಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪವೂ ಜೊತೆಗೆ ಉರಿದರೆ ಚಕ್ರದ ವೇಗ ಅಳೆಯುವ ಸೆನ್ಸರ್ ಮೇಲೆ ಸಂಶಯ ಪಡಬಹುದು. ವೋಲ್ಟೇಜ್ ಎಲ್ಲ ಸರಿಯಿದ್ದೂ ಸ್ಕ್ಯಾನರಿನಲ್ಲಿ ಟಾರ್ಕ್ ಸೆನ್ಸರ್ ದೋಷದ ಕೋಡ್ ಮತ್ತೆ ಮತ್ತೆ ಬಂದರೆ ಮಾತ್ರ ಕಾಲಮ್ ಬದಲಿಸುವ ಮಾತಿಗೆ ಅರ್ಥವಿದೆ. ಆ ಕೆಲಸ ಮನೆಯಲ್ಲಿ ಬೇಡ. ಸ್ಟಿಯರಿಂಗ್ ಒಳಗೆ ಏರ್‌ಬ್ಯಾಗ್ ಇರುತ್ತದೆ.

ಈ ವರ್ಷ ಮೃಗಶಿರ ಮಳೆ ಹಿಡಿಯುವ ಮೊದಲೇ ಬಾನೆಟ್ ಎತ್ತಿ, ಮಗಳನ್ನು ಕೂರಿಸಿ ಮತ್ತೆ ಅಳೆದೆ. 0.11 ತೋರಿಸಿತು. ಬೋಲ್ಟ್ ಬಿಚ್ಚಿ, ಒರೆಸಿ, ಜೆಲ್ಲಿ ಬಳಿದು ಮುಚ್ಚಿದೆ.