ಪಾಟಕೆಟ್ ಊರು ತನ್ನ ಬೇಸ್‌ಬಾಲ್ ತಂಡವನ್ನು ಕಳೆದುಕೊಂಡದ್ದು ಹೇಗೆ?

ಪಾಟಕೆಟ್‌ನ ಮೆಕಾಯ್ ಸ್ಟೇಡಿಯಂನಲ್ಲಿ ಮಕ್ಕಳು ಆಟೋಗ್ರಾಫ್‌ಗೆ ಗಾಳ ಹಾಕುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಆಟಗಾರರು ಕೂರುವ ಜಾಗ ಅಲ್ಲಿ ಪ್ರೇಕ್ಷಕರ ಕಾಲ ಕೆಳಗೇ ಇತ್ತು, ಕೈ ಚಾಚಿದರೂ ಎಟುಕುತ್ತಿರಲಿಲ್ಲ. ಹಾಗಾಗಿ ಹಾಲಿನ ಪ್ಲಾಸ್ಟಿಕ್ ಕ್ಯಾನಿನ ಹೊಟ್ಟೆ ಕೊಯ್ದು, ಒಳಗೆ ಚೆಂಡು, ಪೆನ್ನು ಇಟ್ಟು, ಹಗ್ಗ ಕಟ್ಟಿ ಕೆಳಗೆ ಬಿಡುತ್ತಿದ್ದರು. ಸಹಿ ಬಿದ್ದ ಮೇಲೆ ಬಾವಿಯಿಂದ ನೀರು ಸೇದಿದ ಹಾಗೆ ಎಳೆದುಕೊಳ್ಳುತ್ತಿದ್ದರು. ಇವತ್ತು ಆ ಊರಲ್ಲಿ ಬೇಸ್‌ಬಾಲ್ ತಂಡ ಇಲ್ಲ.

ಪಾಟಕೆಟ್ ಇರುವುದು ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲ್ಯಾಂಡ್‌ನಲ್ಲಿ. ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಅಮೆರಿಕದಲ್ಲಿ ಮೊದಲು ನೆಲೆಯೂರಿದ್ದು ಇಲ್ಲೇ. 1793ರಲ್ಲಿ ಕಟ್ಟಿದ ಸ್ಲೇಟರ್ ಗಿರಣಿ ಈಗಲೂ ನಿಂತಿದೆ. ಜವಳಿ ಕೆಲಸ ಬೇರೆ ಕಡೆಗೆ ಹೋದ ಮೇಲೆ ಊರು ಸೊರಗಿತು. ಸ್ಟೇಡಿಯಂ ಬಂದದ್ದು 1942ರಲ್ಲಿ. ಜೌಗು ನೆಲದ ಮೇಲೆ ಕಟ್ಟಲು ಹೋಗಿ ಖರ್ಚು ಏರುತ್ತಲೇ ಹೋಯಿತು. ಮೇಯರ್ ಮೆಕಾಯ್ ಅವರ ಹುಚ್ಚು ಅಂತ ಜನ ಆಡಿಕೊಂಡರು. ಕೊನೆಗೆ ಅವರ ಹೆಸರನ್ನೇ ಇಟ್ಟರು.

ಮುಂದಿನ ಕಥೆಗೆ ಮುಂಚೆ ಒಂದು ವಿಷಯ ತಿಳಿದಿರಬೇಕು. ಪಾಟಕೆಟ್‌ನಲ್ಲಿದ್ದಂಥ ಮೈನರ್ ಲೀಗ್ (ಕೆಳಗಿನ ಮಟ್ಟದ ಲೀಗ್) ತಂಡ ಅಂದರೆ ನಮ್ಮ ರಣಜಿ ತಂಡದಂತಲ್ಲ. ಆಟಗಾರರು ತಂಡದವರೇ ಅಲ್ಲ. ಅವರ ಸಂಬಳ ಕೊಡುವುದು, ಯಾರು ಎಲ್ಲಿ ಆಡಬೇಕು ಅಂತ ಹೇಳುವುದು ಮೇಲಿನ ದೊಡ್ಡ ತಂಡ. ಪಾಟಕೆಟ್‌ಗೆ ಆ ದೊಡ್ಡ ತಂಡ ಬಾಸ್ಟನ್ ರೆಡ್ ಸಾಕ್ಸ್ ಆಗಿತ್ತು. ಚೆನ್ನಾಗಿ ಆಡಿದವನನ್ನು ಸೀಸನ್ ಮಧ್ಯದಲ್ಲೇ ಬಾಸ್ಟನ್‌ಗೆ ಕರೆಸಿಕೊಳ್ಳುತ್ತಿದ್ದರು. ತಾಸಿನ ದಾರಿ ಅಷ್ಟೇ. ಅಂದರೆ ಇಲ್ಲಿನ ಮಾಲೀಕನ ಕೈಯಲ್ಲಿ ಇದ್ದದ್ದು ಟಿಕೆಟ್, ತಿಂಡಿ ಅಂಗಡಿ, ಕುರ್ಚಿಗಳು. ಗೆಲುವು ಅವನ ಕೈಯಲ್ಲಿರಲಿಲ್ಲ. ಹಾಗಾಗಿ ಇಂಥ ತಂಡ ಉಳಿಯುತ್ತದೋ ಇಲ್ಲವೋ ಅನ್ನುವುದು ಅಂಕಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

1973ನ್ನೇ ನೋಡಿ. 1970ರಿಂದ ಡಬಲ್-ಎ ಮಟ್ಟದ ತಂಡ ಆಡುತ್ತಿದ್ದ ಮೈದಾನಕ್ಕೆ ಆ ವರ್ಷ ಮೇಜರ್ ಲೀಗ್‌ಗೆ (ಬಾಸ್ಟನ್‌ನಂಥ ದೊಡ್ಡ ತಂಡಗಳ ಲೀಗ್) ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ತಂಡ ಬಂತು. ಬಂದ ಮೊದಲ ಸೀಸನ್‌ನಲ್ಲೇ ಇಂಟರ್‌ನ್ಯಾಷನಲ್ ಲೀಗ್‌ನ ಗವರ್ನರ್ಸ್ ಕಪ್ ಗೆದ್ದಿತು. ಮರುವರ್ಷ ತಂಡದ ಜಿಮ್ ರೈಸ್ ಲೀಗ್‌ನ ಮುಖ್ಯ ಬ್ಯಾಟಿಂಗ್ ಪಟ್ಟಿಗಳಲ್ಲಿ ಮೇಲೆ ನಿಂತರು. ಆದರೂ 1976ರ ಹೊತ್ತಿಗೆ ತಂಡದ ಕೈ ಬರಿದಾಗಿತ್ತು. ಊರಿನ ಹೆಸರು ತೆಗೆದು 'ರೋಡ್ ಐಲ್ಯಾಂಡ್ ರೆಡ್ ಸಾಕ್ಸ್' ಅಂತ ಇಟ್ಟರೂ ಜನ ಬರಲಿಲ್ಲ.

1977ರಲ್ಲಿ ಬೆನ್ ಮಾಂಡೋರ್ ತಂಡ ಕೊಂಡರು. ಗಿರಣಿ ವ್ಯವಹಾರದಲ್ಲಿ ದುಡ್ಡು ಮಾಡಿ ನಿವೃತ್ತರಾಗಿದ್ದ ಮನುಷ್ಯ. ಪಾಟಕೆಟ್ ಹೆಸರನ್ನು ವಾಪಸ್ ತಂದರು. ಆ ಸೀಸನ್ ತಂಡ ಲೀಗ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ವರ್ಷವಿಡೀ ಬಂದ ಜನ ಮಾತ್ರ ಸುಮಾರು 70,000. ಮಾಂಡೋರ್ ಲೆಕ್ಕ ಸರಳವಾಗಿತ್ತು. ಸ್ಟೇಡಿಯಂ ಚೊಕ್ಕಟವಾಗಿರಲಿ, ಟಿಕೆಟ್ ಅಗ್ಗವಾಗಿರಲಿ, ಅಪ್ಪ-ಅಮ್ಮ ಮಕ್ಕಳನ್ನು ಕರೆದುಕೊಂಡು ಬರುವಂತಿರಲಿ. ಪಾ-ಸಾಕ್ಸ್ ಅಂತ ಜನ ಪ್ರೀತಿಯಿಂದ ಕರೆಯುತ್ತಿದ್ದ ತಂಡ ಬೆಳೆದದ್ದು ಇವರ ಕಾಲದಲ್ಲಿ.

ಇನ್ನು 1981. ಈ ಸೀಸನ್ ಬಂದರೆ ನಾನು ಸ್ವಲ್ಪ ನಿಲ್ಲಲೇಬೇಕು. ಏಪ್ರಿಲ್ 18, ಈಸ್ಟರ್ ಹಿಂದಿನ ಶನಿವಾರ. ಎದುರಾಳಿ ರೊಚೆಸ್ಟರ್. ಬೇಸ್‌ಬಾಲ್‌ನಲ್ಲಿ 9 ಇನಿಂಗ್ಸ್ ಮುಗಿದಾಗ ಸಮ ಇದ್ದರೆ ಯಾರಾದರೂ ಗೆಲ್ಲುವ ತನಕ ಆಡಬೇಕು. ಅವತ್ತು ಯಾರೂ ಗೆಲ್ಲಲಿಲ್ಲ. 21ನೇ ಇನಿಂಗ್ಸ್‌ನಲ್ಲಿ ರೊಚೆಸ್ಟರ್ ಮುಂದೆ ಹೋಯಿತು. ಪಾಟಕೆಟ್‌ನ ವೇಡ್ ಬಾಗ್ಸ್ ಹೊಡೆದು ಮತ್ತೆ ಸಮ ಮಾಡಿದರು. ಮನೆಗೆ ಹೋಗುವ ಕನಸು ಕಾಣುತ್ತಿದ್ದ ಸಹ ಆಟಗಾರರು ಅವರನ್ನು ಅಪ್ಪಿಕೊಂಡರೋ ಬೈದರೋ! ಚಳಿ ತಡೆಯಲಾರದೆ ಮುರಿದ ಬ್ಯಾಟುಗಳನ್ನೇ ಡ್ರಮ್ಮಿಗೆ ಹಾಕಿ ಉರಿಸಿದರು. ಇಷ್ಟು ಹೊತ್ತಾದ ಮೇಲೆ ಆಟ ನಿಲ್ಲಿಸಿ ಅನ್ನುವ ಲೀಗ್ ನಿಯಮ ಒಂದಿತ್ತು. ಅಂಪೈರ್ ಕೈಯಲ್ಲಿದ್ದ ಪುಸ್ತಕದಲ್ಲಿ ಅದೇ ಇರಲಿಲ್ಲ. ಕೊನೆಗೆ ಲೀಗ್ ಅಧ್ಯಕ್ಷರು ಫೋನಿಗೆ ಸಿಕ್ಕಿ, ಬೆಳಗಿನ ಜಾವ 4:07ಕ್ಕೆ ಆಟ ನಿಂತಿತು. 32 ಇನಿಂಗ್ಸ್, 2-2. ಶುರುವಿನಲ್ಲಿ 1,740 ಜನ ಇದ್ದರು. ಉಳಿದವರು 19.

ಜೂನ್ 23ಕ್ಕೆ ಮುಂದುವರಿಸಿದರು. ಅಷ್ಟರಲ್ಲಿ ಮೇಜರ್ ಲೀಗ್ ಆಟಗಾರರು ಮುಷ್ಕರ ಹೂಡಿದ್ದರು. ಬರೆಯಲು ಬೇರೆ ಆಟವೇ ಇಲ್ಲದ ಪತ್ರಕರ್ತರು ಈ ಪುಟ್ಟ ಊರಿಗೆ ಮುಗಿಬಿದ್ದರು. 18 ನಿಮಿಷದಲ್ಲಿ ಮುಗಿಯಿತು. 33ನೇ ಇನಿಂಗ್ಸ್‌ನಲ್ಲಿ ಡೇವ್ ಕೋಜಾ ಹೊಡೆತಕ್ಕೆ ಪಾಟಕೆಟ್ 3-2ರಿಂದ ಗೆದ್ದಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಉದ್ದದ ಪಂದ್ಯ ಆಗಿಲ್ಲ. ಬಾಗ್ಸ್ ಮತ್ತು ರೊಚೆಸ್ಟರ್‌ನ ಕ್ಯಾಲ್ ರಿಪ್ಕೆನ್ ಇಬ್ಬರೂ ಮುಂದೆ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ಗೆಲ್ಲಿಸಿದ ಕೋಜಾಗೆ ಮೇಜರ್ ಲೀಗ್‌ನ ಒಂದು ಪಂದ್ಯವೂ ಸಿಗಲಿಲ್ಲ.

1984ರಲ್ಲಿ ಇನ್ನೊಂದು ಕಪ್. ಆಮೇಲೆ 2012ರವರೆಗೆ ಕಪ್ಪಿಲ್ಲ. ಆದರೆ ತಂಡ ಅತಿ ಚೆನ್ನಾಗಿ ಬಾಳಿದ್ದು ಈ ಬರಗಾಲದಲ್ಲೇ! 1999ಕ್ಕೆ ಸ್ಟೇಡಿಯಂ ಹಿಗ್ಗಿಸಿ 10,000 ಸೀಟು ಮಾಡಿದರು. 2005ರಲ್ಲಿ 6,88,421 ಜನ ಬಂದರು. ಮಾಂಡೋರ್ 2010ರಲ್ಲಿ ತೀರಿಕೊಂಡರು. 2012, 2014ರಲ್ಲಿ ಕಪ್ ಬಂತು, ಜನ ಮಾತ್ರ ಕಡಿಮೆಯಾಗುತ್ತಾ ಹೋದರು.

2015ರಲ್ಲಿ ತಂಡ ಹೊಸಬರ ಕೈಗೆ ಹೋಯಿತು. ಮುಂದೆ ನಿಂತವರು ಬಾಸ್ಟನ್ ರೆಡ್ ಸಾಕ್ಸ್‌ನ ಲ್ಯಾರಿ ಲುಕೀನೊ ಮತ್ತು ವಕೀಲ ಜೇಮ್ಸ್ ಸ್ಕೆಫಿಂಗ್ಟನ್. ಪಕ್ಕದ ರಾಜಧಾನಿ ಪ್ರಾವಿಡೆನ್ಸ್‌ನ ನದಿ ದಂಡೆಯಲ್ಲಿ ಹೊಸ ಸ್ಟೇಡಿಯಂ ಕಟ್ಟುತ್ತೇವೆ, ಸರ್ಕಾರ ವರ್ಷಕ್ಕೆ 40 ಲಕ್ಷ ಡಾಲರ್‌ನಂತೆ 30 ವರ್ಷ ಕೊಡಲಿ ಅಂದರು. ಒಟ್ಟು 12 ಕೋಟಿ ಡಾಲರ್. ಜನ ಸಿಟ್ಟಿಗೆದ್ದರು, ಅಲ್ವಾ ಮತ್ತೆ? ಮೇ ತಿಂಗಳಲ್ಲಿ ಸ್ಕೆಫಿಂಗ್ಟನ್ ಹಠಾತ್ತಾಗಿ ತೀರಿಕೊಂಡರು. ಯೋಜನೆ ಬಿದ್ದುಹೋಯಿತು.

ಆಮೇಲೆ ಪಾಟಕೆಟ್‌ನಲ್ಲೇ ಕಟ್ಟುವ ಮಾತು ಬಂತು. ಶಾಸನಸಭೆಯಲ್ಲಿ ಎಳೆದಾಟ ನಡೆದು 2018ರ ಜೂನ್‌ನಲ್ಲಿ ಒಂದು ಕಾನೂನೂ ಆಯಿತು. ಆದರೆ ತಿದ್ದಿ ತಿದ್ದಿ, ಸ್ಟೇಡಿಯಂ ಕಟ್ಟಲು ಎತ್ತುವ ಸಾಲಕ್ಕೆ ರಾಜ್ಯದ ಹೊಣೆ ಇಲ್ಲದಂತೆ ಮಾಡಿದ್ದರು. ಹೊಣೆ ಹೊರುವವರಿಲ್ಲದ ಸಾಲಕ್ಕೆ ಬಡ್ಡಿ ಜಾಸ್ತಿ. ಆಗಸ್ಟ್‌ನಲ್ಲಿ ತಂಡ ಪಕ್ಕದ ರಾಜ್ಯದ ವೂಸ್ಟರ್‌ಗೆ ಹೋಗುವುದಾಗಿ ಹೇಳಿತು. ಶಾಸಕರದ್ದೇ ತಪ್ಪು ಅನ್ನುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವೂಸ್ಟರ್‌ನ ಹೊಸ ಸ್ಟೇಡಿಯಂ ಖರ್ಚು ಕೊನೆಗೆ ಸುಮಾರು 16 ಕೋಟಿ ಡಾಲರ್‌ಗೆ ಹೋಯಿತು. ಗಿರಣಿ ಮುಚ್ಚಿದ ಊರು ಆ ಭಾರ ಹೊರಬೇಕಿತ್ತೇ?

ಮೆಕಾಯ್‌ನ ಕೊನೆಯ ಸೀಸನ್ 2020 ಆಗಬೇಕಿತ್ತು. ಕೊರೊನಾ ಬಂದು ಒಂದು ಪಂದ್ಯವೂ ನಡೆಯಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಆಟ ನೋಡಿ ಎದ್ದುಹೋದವರಿಗೆ ಅದೇ ಕೊನೆಯದು ಅಂತ ಗೊತ್ತೇ ಇರಲಿಲ್ಲ. 2020ರ ಬೇಸಿಗೆಯಲ್ಲಿ ಮೈದಾನದ ಹುಲ್ಲಿನ ಮೇಲೆ ಮೇಜು ಹಾಕಿ ಊಟಕ್ಕೆ ಬಿಟ್ಟರು. ಜನ ಬುಕ್ ಮಾಡಿ ಬಂದು, ಆಟಗಾರರು ಓಡುತ್ತಿದ್ದ ಜಾಗದಲ್ಲಿ ಕೂತು ಉಂಡು ಹೋದರು.

ಆ ಜಾಗದಲ್ಲಿ ಹೈಸ್ಕೂಲ್ ಕಟ್ಟಲು 2022ರಲ್ಲಿ ಊರವರು ಮತ ಹಾಕಿದರು. 2025ರಲ್ಲಿ ಮೆಕಾಯ್ ಕೆಡವುವ ಕೆಲಸ ನಡೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಪಾಟಕೆಟ್‌ನ ನದಿ ದಂಡೆಯಲ್ಲಿ ಒಂದು ಹೊಚ್ಚ ಹೊಸ ಸ್ಟೇಡಿಯಂ ತೆರೆಯಿತು. ಅದರಲ್ಲಿ ಸರ್ಕಾರದ ದುಡ್ಡೂ ಇದೆ. ಆದರೆ ಅಲ್ಲಿ ಆಡುವುದು ಫುಟ್‌ಬಾಲ್.